ಎರಡು ನೂಲು ಕಡಿಮೆ

ಗಾಜು ಕೊಯ್ಯುವವರ ಮನೆಯಲ್ಲಿ ಪ್ರತಿ ಕಿಟಕಿಗೂ ಎರಡು ಅಳತೆ. ಚೌಕಟ್ಟಿನ ಒಳಬಾಯಿಗೆ ಟೇಪು ಹಿಡಿದಾಗ ಕಾಣುವುದು ಒಂದು. ಅದರಿಂದ ಎರಡು ನೂಲು ಕಳೆದ ಮೇಲೆ ಉಳಿಯುವುದು ಇನ್ನೊಂದು. ಇಂಚನ್ನು ಎಂಟು ಪಾಲು ಮಾಡಿದರೆ ಅದರಲ್ಲೊಂದು ಪಾಲನ್ನು ನೂಲು ಎನ್ನುವುದು ಈ ಕಸುಬಿನ ರೂಢಿ. ಚೌಕಟ್ಟಿನಷ್ಟೇ ಅಳತೆಗೆ ಕೊಯ್ದ ಗಾಜು ಒಳಗೆ ಕೂರುವುದಿಲ್ಲ. ಬಲವಂತವಾಗಿ ಕೂರಿಸಿದರೂ ಬಿಸಿಲಿಗೋ ಚಳಿಗೋ ಚೌಕಟ್ಟು ಅಲುಗಿದ ದಿನ ಮೂಲೆಯಿಂದ ಬಿರುಕು ಬಿಡುತ್ತದೆ. ಆದ್ದರಿಂದ ಎರಡು ನೂಲು ಕಳೆಯಲೇಬೇಕು. ಇಲ್ಲಿ ಹೇಳಹೊರಟಿರುವ ದಂಪತಿಗಳು ತಮ್ಮ ಸಂಸಾರದ ಮೊದಲ ಜಗಳವಾಡಿದ್ದು ಈ ಎರಡು ನೂಲಿನ ವಿಷಯಕ್ಕೆ.

ಮದುವೆಯಾದ ಹೊಸದರಲ್ಲಿ ಹೆಂಡತಿ ಕಟ್ಟಡಗಳಿಗೆ ಹೋಗಿ ಅಳತೆ ತರುವಾಗಲೇ ಎರಡು ನೂಲು ಕಳೆದು ಹೇಳುತ್ತಿದ್ದರು. ಅದು ತಿಳಿಯದೆ ಗಂಡ ಕೊಯ್ಯುವ ಮೇಜಿನ ಬಳಿ ಮತ್ತೆರಡು ನೂಲು ಕಳೆಯುತ್ತಿದ್ದರು. ಕೂರಿಸಿದ ಗಾಜು ಮುದುಕರ ಹಲ್ಲಿನಂತೆ ಅಲುಗಾಡುತ್ತಿತ್ತು. ಒಂದು ಶಾಲೆಯ ಕಿಟಕಿಗಳನ್ನೆಲ್ಲ ಬಿಚ್ಚಿ ಮತ್ತೆ ಮಾಡಬೇಕಾಗಿ ಬಂದಾಗ ಇಬ್ಬರೂ ಕೂತು ಒಂದು ಕಟ್ಟುಪಾಡು ಮಾಡಿಕೊಂಡರು. ಹೆಂಡತಿ ಟೇಪು ತೋರಿಸಿದ್ದನ್ನು ತೋರಿಸಿದ ಹಾಗೆ ಹೇಳಬೇಕು; ಕಳೆಯುವುದು ಗಂಡನ ಪಾಲಿಗೆ, ಅದೂ ಮೇಜಿನ ಮುಂದೆ, ಗಟ್ಟಿಯಾಗಿ ಬಾಯಿಬಿಟ್ಟು.

"ಟೇಪಿನ ಮಾತು ನಂದು, ಕಳೆಯೋದು ಇವರದು" ಎಂದು ಆಕೆ ಇಂದಿಗೂ ಹೇಳುತ್ತಾರೆ.

ಕಟ್ಟಡ ಕೆಲಸದವರು ಆಕೆಗೆ ಟೇಪಕ್ಕ ಎಂದು ಹೆಸರಿಟ್ಟರು. ಗಂಡ ಎಲ್ಲರಿಗೂ ಗಾಜಿನವರು. ಮೂರು ಗಾಲಿಯ ಸರಕುಗಾಡಿಯೊಂದಿತ್ತು. ಅದರ ಮುಂದಿನ ಸೀಟು ಇರುವುದು ಒಬ್ಬರಿಗೆ. ಇವರಿಬ್ಬರೂ ಅದರಲ್ಲೇ ಅಂಟಿಕೊಂಡು ಕೂತು, ಹಿಂದೆ ಗಾಜಿನ ಹಾಳೆಗಳನ್ನು ನಿಲ್ಲಿಸಿಕೊಂಡು, ಊರಿನ ಎಲ್ಲ ದಿಕ್ಕಿಗೂ ಓಡಾಡಿದರು. ಹಾಳೆಯ ಒಂದು ತುದಿ ಅವರು, ಇನ್ನೊಂದು ತುದಿ ಇವರು. ಎತ್ತುವಾಗ ಗಾಜಿನವರು ಹೇಳುತ್ತಿದ್ದ ಮಾತು ಒಂದೇ: "ನಿಧಾನ, ಮೂಲೆ ನೋಡ್ಕೊ."

ಟೇಪಕ್ಕನವರಿಗೆ ನರದ ಕಾಯಿಲೆ ಬಂದದ್ದು ಸದ್ದಿಲ್ಲದೆ. ಮೊದಲು ಏಣಿಯ ಮೇಲೆ ಕಾಲು ನಡುಗಿತು, ಆಮೇಲೆ ಮೆಟ್ಟಿಲ ಮೇಲೆ, ಆಮೇಲೆ ಸಪಾಟು ನೆಲದ ಮೇಲೂ. ವೈದ್ಯರು ಏನನ್ನೂ ಮುಚ್ಚಿಡಲಿಲ್ಲ. ಇದು ಕಾಲಿನಿಂದ ಶುರುವಾಗಿ ಮೇಲಕ್ಕೆ ಹತ್ತುವ ಕಾಯಿಲೆ, ಹತ್ತುವುದು ನಿಧಾನ, ಆದರೆ ಎಂದಾದರೂ ಕೈಗೂ ಬರುತ್ತದೆ ಎಂದರು. ಗಾಲಿಕುರ್ಚಿ ಮನೆಗೆ ಬಂತು. ಗಾಜಿನವರು ಹೊಸ್ತಿಲ ಮುಂದಿನ ಮೆಟ್ಟಿಲನ್ನು ಒಡೆಸಿ ಇಳಿಜಾರು ಮಾಡಿಸಿದರು. ಮನೆಯೊಳಗೆ ಆಕೆ ತಮ್ಮ ಕೈಯಿಂದಲೇ ಗಾಲಿ ತಳ್ಳಿಕೊಂಡು ಓಡಾಡುವಷ್ಟು ಬೇಗ ಪಳಗಿದರು.

ತೊಂದರೆ ಇದ್ದದ್ದು ಮನೆಯ ಹೊರಗೆ. ಆಸ್ಪತ್ರೆಗೆ ಹೋಗಬೇಕೆಂದರೆ ಬಾಡಿಗೆ ಕಾರು ತರಿಸಿ, ಗಂಡ ಒಂದು ಕಡೆ, ಕಾರಿನ ಚಾಲಕ ಇನ್ನೊಂದು ಕಡೆ ಹಿಡಿದು ಎತ್ತಿ ಸೀಟಿನ ಮೇಲೆ ಕೂರಿಸಬೇಕು. ಒಂದು ದಿನ ಹಾಗೆ ಎತ್ತುವಾಗ ಆಕೆಯ ಮೊಣಕಾಲು ಕಾರಿನ ಬಾಗಿಲಿಗೆ ತಾಗುವುದರಲ್ಲಿತ್ತು. ಗಾಜಿನವರ ಬಾಯಿಂದ ತಾನಾಗಿಯೇ ಬಂದುಬಿಟ್ಟಿತು: "ನಿಧಾನ, ಮೂಲೆ ನೋಡ್ಕೊ."

 ಆಸ್ಪತ್ರೆಯಿಂದ ಮರಳಿ ಬಂದು ಕುರ್ಚಿಯಲ್ಲಿ ಕೂತ ಮೇಲೆ ಟೇಪಕ್ಕ ಅಂದರು: "ನಾನು ಗ್ಲಾಸಲ್ಲ ಕಣ್ರೀ."

"ಬಾಯಿ ತಪ್ಪಿ ಬಂತು."

"ಬಾಯಿ ತಪ್ಪಲಿಲ್ಲ. ಕೈ ಹೇಳಿದ್ದನ್ನ ಬಾಯಿ ಹೇಳ್ತು. ಇನ್ಮೇಲೆ ನನ್ನನ್ನ ಯಾರೂ ಎತ್ತೋದು ಬೇಡ. ನಾನೇ ಹತ್ತೋ ಗಾಡಿ ಬಂದ ದಿನ ಹೊರಗೆ ಬರ್ತೀನಿ. ಅಲ್ಲಿ ತನಕ ಈ ಮನೆ ಸಾಕು."

ಆಕೆ ಮಾತಿಗೆ ತಪ್ಪುವವರಲ್ಲ. ಅಂದಿನಿಂದ ಹೊರಗಿನ ಇಳಿಜಾರಿನ ಮೇಲೆ ಗಾಲಿಯ ಗುರುತು ಬೀಳಲಿಲ್ಲ. ಆಸ್ಪತ್ರೆಯ ತಪಾಸಣೆಗಳು ತಪ್ಪಿದವು. ಹೊರಗಿನ ಕೋಣೆಯಲ್ಲಿ ಗಂಡ ಗಾಜು ಕೊಯ್ಯುವ ಸದ್ದನ್ನು ಆಕೆ ಒಳಗಿನ ಕೋಣೆಯಿಂದ ಕೇಳುತ್ತಿದ್ದರು. ಮೊದಮೊದಲು ಚೂರುಗಳ ಪೆಟ್ಟಿಗೆಗೆ ದೊಡ್ಡ ತುಂಡುಗಳು ಬೀಳುವ ಸದ್ದು ಹೆಚ್ಚಾಯಿತು. ಅಳತೆ ತಪ್ಪಿದೆ ಎಂದು ಆಕೆಗೆ ಅರ್ಥವಾಗುತ್ತಿತ್ತು. ಕಟ್ಟಡದಲ್ಲಿ ಟೇಪು ಹಿಡಿಯುವುದೂ ಮೇಜಿನ ಮೇಲೆ ಕೊಯ್ಯುವುದೂ ಒಬ್ಬರೇ ಆದಾಗ, ಕಳೆದೆನೋ ಇಲ್ಲವೋ ಎಂಬ ಗೊಂದಲ. ಕೆಲವು ತಿಂಗಳ ಬಳಿಕ ಆ ಸದ್ದು ನಿಂತಿತು. ಗಾಜಿನವರು ಒಂದು ಉಪಾಯ ಕಂಡುಕೊಂಡಿದ್ದರು: ಟೇಪಿನ ಮೇಲೆ ಕಣ್ಣಿಡುವಾಗಲೇ ಎರಡು ನೂಲು ಕಳೆದು ಓದುವುದು. ನಂತರ ನೆನಪಿಡುವ ತಾಪತ್ರಯವಿಲ್ಲ. ಅದು ಎಷ್ಟು ರೂಢಿಯಾಯಿತೆಂದರೆ, ಹಾಗೆ ಓದುತ್ತಿದ್ದೇನೆಂಬುದೇ ಅವರಿಗೆ ಮರೆತುಹೋಯಿತು.

ಹೊಸ ಗಾಡಿ ಕೊಳ್ಳುವ ಶಕ್ತಿ ಇರಲಿಲ್ಲ. ಬೇಕಾಗಿದ್ದದ್ದು ಒಂದು ಹಳೆಯ, ಮಧ್ಯಮ ಗಾತ್ರದ ವ್ಯಾನು. ಅದಕ್ಕಿಂತ ದೊಡ್ಡದಾದರೆ ಅವರ ಬೀದಿಯಲ್ಲಿ ತಿರುಗುವುದಿಲ್ಲ. ಚಿಕ್ಕದಾದರೆ ಗಾಜೋ ಜನವೋ ಒಂದನ್ನು ಬಿಡಬೇಕು. ಹಿಂದಿನ ಬಾಗಿಲಿನಿಂದ ಗಾಜು ನಿಂತುಕೊಂಡು ಹೋಗಬೇಕು, ಏಕೆಂದರೆ ಗಾಜನ್ನು ಮಲಗಿಸಿ ಸಾಗಿಸುವಂತಿಲ್ಲ. ಪಕ್ಕದ ಜಾರುಬಾಗಿಲಿನಿಂದ ಕುರ್ಚಿ ಸಮೇತ ಟೇಪಕ್ಕ ಹತ್ತಬೇಕು. ಗಾಜಿನವರ ತಾಯಿಗೂ ಶಾಲೆಗೆ ಹೋಗುವ ಮಗಳಿಗೂ ಸೀಟು ಬೇಕು. ಈ ಚರ್ಚೆ ಊಟದ ಹೊತ್ತಿಗೆ ದಿನವೂ ಇರುತ್ತಿತ್ತು.

"ನನ್ನನ್ನ ಮಾತ್ರ ಹಿಂದೆ ಗ್ಲಾಸ್ ಪಕ್ಕ ಕೂರಿಸಬೇಡ ಕಣೋ" ಎಂದರು ತಾಯಿ. "ನೋಡಿದವರು ಮುದುಕೀನ ಮಾರಾಟಕ್ಕೆ ಇಟ್ಟಿದಾರೆ ಅಂದ್ಕೊಂಡಾರು."

"ಯಾರಜ್ಜಿ ತಗೋತಾರೆ ನಿನ್ನನ್ನ?" ಎಂದಳು ಮೊಮ್ಮಗಳು.

"ಯಾಕೆ, ಹಳೇ ಗಾಡಿಗೆ ಹೊರಟಿಲ್ವಾ ನಿಮ್ಮಪ್ಪ? ಹಾಗೆ."

ಟೇಪಕ್ಕನವರ ತಮ್ಮ ಒಬ್ಬ ಮೆಕ್ಯಾನಿಕ್. ಗಾಡಿಯ ಹಿಂದೆ ನಿಂತು ಹೊಗೆಯ ಬಣ್ಣ ನೋಡಿ ಇಂಜಿನ್ನಿನ ಹಣೆಬರಹ ಹೇಳುತ್ತಿದ್ದುದರಿಂದಲೂ, ಹೇಳುವಾಗ ಪಾಠದ ಧಾಟಿ ಹಿಡಿಯುತ್ತಿದ್ದುದರಿಂದಲೂ ಅವರಿಗೆ ಹೊಗೆ ಮೇಷ್ಟ್ರು ಎಂಬ ಹೆಸರು ಬಿದ್ದಿತ್ತು. ಭಾವನ ಜೊತೆ ಗಾಡಿ ನೋಡಲು ಹೊರಟವರು ಅವರೇ. ಹೊರಡುವ ಮುನ್ನ ಗಾಜಿನವರು ಹೆಂಡತಿಯ ಕುರ್ಚಿಯ ಪಕ್ಕ ಮಂಡಿಯೂರಿ, ಗಾಲಿ ತಿರುಗಿಸಲು ಕೈ ಹಿಡಿಯುವ ಒಂದು ಹೊರಬಳೆಯಿಂದ ಇನ್ನೊಂದು ಹೊರಬಳೆಗೆ ಟೇಪು ಹಿಡಿದರು.

"ಇಪ್ಪತ್ತಾರು" ಎಂದರು.

ಹಳೆಯ ಗಾಡಿಗಳ ಅಂಗಳ ಊರಿನ ಅಂಚಿನಲ್ಲಿ, ಸೇತುವೆಯ ಆಚೆಗಿತ್ತು. ತಗಡಿನ ಬೇಲಿ, ಎಣ್ಣೆ ಕುಡಿದು ಕಪ್ಪಾದ ನೆಲ, ಸಾಲಾಗಿ ನಿಂತ ಗಾಡಿಗಳ ಗಾಜಿನ ಮೇಲೆ ಸುಣ್ಣದಲ್ಲಿ ಬರೆದ ಹೊಗಳಿಕೆ. ಅಲ್ಲಿನ ದಲ್ಲಾಳಿ ಪ್ರತಿ ಗಾಡಿಗೂ ಒಂದು ವಂಶಾವಳಿ ಹೇಳಿದರು.

"ಇದು ಒಬ್ರೇ ಓಡಿಸಿದ ಗಾಡಿ ಸಾರ್. ಅದೂ ಡಾಕ್ಟ್ರು."

"ಡಾಕ್ಟ್ರ ಕೈಲಿದ್ದೂ ಇಂಜಿನ್‌ಗೆ ಯಾಕೆ ಈ ಪಾಟಿ ಕೆಮ್ಮು?" ಎಂದರು ಹೊಗೆ ಮೇಷ್ಟ್ರು.

"ಬೆಳಗಿನ ಚಳಿ ಸಾರ್."

"ಸೂರ್ಯ ನೆತ್ತಿ ಮೇಲಿದಾನೆ. ಮುಂದಿನದು ತೋರಿಸಿ."

ಹೀಗೆ ಒಂದೊಂದನ್ನೇ ತಳ್ಳಿಹಾಕುತ್ತ ಒಂದು ಬಿಳಿಯ ವ್ಯಾನಿನ ಬಳಿ ಮೇಷ್ಟ್ರು ನಿಂತರು. ಹೊಗೆ ಇಲ್ಲವೆನ್ನುವಷ್ಟು ತೆಳುವಾಗಿತ್ತು. ಅವರು ಕೆಳಗೆ ನುಸುಳಿದರು, ಮೇಲೆದ್ದರು, ಕೈ ಒರೆಸಿಕೊಂಡರು. "ಭಾವ, ಇದನ್ನ ಬಿಟ್ರೆ ಪಾಪ ಬರ್ತದೆ" ಎಂದರು. ಜಾರುಬಾಗಿಲನ್ನು ಪೂರ್ತಿ ಸರಿಸಿ ಅದರ ಬಾಯಿಗೆ ಟೇಪು ಹಿಡಿದವರೂ ಅವರೇ. "ಇಪ್ಪತ್ತಾರೂ ಕಾಲು."

ಕಾಲು ಇಂಚೆಂದರೆ ಎರಡು ನೂಲು. ಗಾಜಿನವರ ಮುಖ ಅರಳಿತು. ಕುರ್ಚಿ ಇಪ್ಪತ್ತಾರು, ಬಾಗಿಲು ಅದಕ್ಕಿಂತ ಎರಡು ನೂಲು ಹೆಚ್ಚು. ಗಾಜಿನ ಕೆಲಸದಲ್ಲಿ ಇದಕ್ಕಿಂತ ಸರಿಯಾದ ಹೊಂದಿಕೆ ಇಲ್ಲ. "ಹೇಳಿ ಮಾಡಿಸಿದ ಹಾಗಿದೆ" ಎಂದು ಅವರು ಭಾವಮೈದುನನ ಬೆನ್ನು ತಟ್ಟಿದರು. ಮನೆಯವರಿಗೆ ತೋರಿಸಿ ತರುವುದಾಗಿ ಹೇಳಿ, ತಮ್ಮ ಮೂರು ಗಾಲಿಯ ಗಾಡಿಯನ್ನು ಅಂಗಳದಲ್ಲೇ ಬಿಟ್ಟು, ವ್ಯಾನನ್ನು ಮನೆಗೆ ತಂದರು.

ಅಂದು ಆದದ್ದನ್ನು ಮನೆಯ ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಹೇಳುತ್ತಾರೆ. ಬೀದಿಯಲ್ಲಿ ಅರ್ಧ ಊರೇ ಸೇರಿತ್ತು ಎನ್ನುತ್ತಾರೆ ಗಾಜಿನವರ ತಾಯಿ. ಎದುರು ಅಂಗಡಿಯ ದರ್ಜಿ ಮತ್ತು ಅವನ ಗಿರಾಕಿ ಇಬ್ಬರೇ ಇದ್ದದ್ದು ಎನ್ನುತ್ತಾರೆ ಹೊಗೆ ಮೇಷ್ಟ್ರು. ಟೇಪಕ್ಕ ಯಾರನ್ನೂ ನೋಡಲಿಲ್ಲವಂತೆ. ಆಕೆ ಬೆಳಿಗ್ಗೆಯೇ ತಲೆ ಬಾಚಿ, ಕೆಲಸಕ್ಕೆ ಹೋಗುವಾಗ ಉಡುತ್ತಿದ್ದ ಸೀರೆ ಉಟ್ಟು ಸಿದ್ಧರಾಗಿದ್ದರು. ಟೇಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡದ್ದನ್ನು ಮಗಳು ಗಮನಿಸಿದ್ದಳು.

ಮೇಷ್ಟ್ರು ಬೆಸುಗೆ ಹಾಕಿ ತಂದಿದ್ದ ಎರಡು ಉದ್ದನೆಯ ಕಬ್ಬಿಣದ ಹಲಗೆಗಳನ್ನು ವ್ಯಾನಿನ ಬಾಗಿಲಿಗೆ ಒರಗಿಸಿದರು. ಟೇಪಕ್ಕ ಇಳಿಜಾರು ಇಳಿದು, ಹಲಗೆಗಳಿಗೆ ಗಾಲಿ ಹೊಂದಿಸಿ, ಉಸಿರು ಬಿಗಿಹಿಡಿದು ತಳ್ಳತೊಡಗಿದರು. ಗಂಡ ಒಂದು ಪಕ್ಕ, ಮೇಷ್ಟ್ರು ಹಿಂದೆ. ಇಬ್ಬರಿಗೂ ಕೈ ಚಾಚುವ ಅಪ್ಪಣೆ ಇರಲಿಲ್ಲ. ಗಾಲಿಗಳು ಒಂದೊಂದೇ ಗೇಣು ಮೇಲೇರಿದವು. ಕುರ್ಚಿಯ ಮುಂದಿನ ಚಿಕ್ಕ ಗಾಲಿಗಳು ವ್ಯಾನಿನ ನೆಲ ಮುಟ್ಟಿದವು. ಅಜ್ಜಿ ಚಪ್ಪಾಳೆ ತಟ್ಟಲು ಕೈ ಎತ್ತಿದ್ದರು.

ಆಗ ದೊಡ್ಡ ಗಾಲಿಗಳ ಹೊರಬಳೆ ಬಾಗಿಲಿನ ಎರಡೂ ಅಂಚಿಗೆ ಒಮ್ಮೆಗೇ ಕಚ್ಚಿಕೊಂಡಿತು. ಕುರ್ಚಿ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಬಳೆಗೂ ಬಾಗಿಲಿನ ಕಬ್ಬಿಣಕ್ಕೂ ನಡುವೆ ಸಿಕ್ಕಿದ್ದ ಬೆರಳುಗಳನ್ನು ಆಕೆ ಎಳೆದುಕೊಂಡಾಗ ಗೆಣ್ಣಿನ ಚರ್ಮ ಕಿತ್ತು ಬಂದಿತ್ತು.

"ಅಕ್ಕ, ಒಂದೇ ನಿಮಿಷ. ಸ್ವಲ್ಪ ಎತ್ತಿ ಓರೆ ಮಾಡಿದ್ರೆ ಹೋಗ್ತದೆ" ಎಂದು ಮೇಷ್ಟ್ರು ಕೈ ಹಾಕಿದರು.

"ಮುಟ್ಟಬೇಡ."

"ಬೀಳ್ತೀಯಲ್ಲೇ!"

"ಮುಟ್ಟಬೇಡ ಅಂದೆ."

ದರ್ಜಿಯ ಯಂತ್ರದ ಸದ್ದು ನಿಂತಿತ್ತು. ಟೇಪಕ್ಕ ಎರಡೂ ಅಂಗೈಗಳನ್ನು ಬಾಗಿಲಿನ ಅಂಚಿಗೆ ಊರಿ ಹಿಂದಕ್ಕೆ ನೂಕಿದರು. ಎರಡನೆಯ ಸಲಕ್ಕೆ ಕುರ್ಚಿ ಬಿಟ್ಟುಕೊಂಡಿತು. ಬಳೆಯನ್ನು ಬಿಗಿಹಿಡಿದು, ಇಂಚಿಂಚಾಗಿ ಹಿಮ್ಮುಖವಾಗಿ ಇಳಿದು, ಕುರ್ಚಿ ತಿರುಗಿಸಿ, ಯಾರ ಮುಖವನ್ನೂ ನೋಡದೆ ಮನೆಯೊಳಗೆ ಹೋದರು. 

ಒಳಗೆ, ಕೊಯ್ಯುವ ಮೇಜಿನ ಪಕ್ಕ, ಬೆರಳಿಗೆ ಬಟ್ಟೆ ಸುತ್ತಿಕೊಂಡು ಆಕೆ ಕೂತಿದ್ದರು.

"ನನ್ನ ಕುರ್ಚಿ ಎಷ್ಟು ಅಂದಿದ್ರಿ?"

"ಇಪ್ಪತ್ತಾರು."

"ಇನ್ನೊಂದು ಸಲ ನೋಡಿ ಹೇಳಿ."

ಗಾಜಿನವರು ಮಂಡಿಯೂರಿದರು. ಟೇಪಿನ ಕೊಕ್ಕೆಯನ್ನು ಒಂದು ಬಳೆಗೆ ಸಿಕ್ಕಿಸಿ ಇನ್ನೊಂದು ಬಳೆಯವರೆಗೆ ಎಳೆದು, ಕಣ್ಣು ಕಿರಿದಾಗಿಸಿ ಅಂಕಿ ಓದಿದರು. "ಇಪ್ಪತ್ತಾರೇ."

ಅಪ್ಪನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದ ಮಗಳು, "ಅಪ್ಪ, ಅಲ್ಲಿ ಇಪ್ಪತ್ತಾರೂ ಕಾಲು ಅಂತ ಇದೆಯಲ್ಲ?" ಎಂದಳು.

ಅವರು ಮತ್ತೆ ನೋಡಿದರು. ಹೌದು, ಇಪ್ಪತ್ತಾರೂ ಕಾಲು. ಹೆಬ್ಬೆರಳ ಉಗುರು ಆ ಗೆರೆಯ ಮೇಲೆಯೇ ಇತ್ತು. ಗೆರೆ ಸರಿಯಾಗಿ ಕಂಡಿತ್ತು. ಬಾಯಿ ಮಾತ್ರ ಎರಡು ನೂಲು ಕಳೆದು ಹೇಳಿತ್ತು. ಹೆಂಡತಿಯ ಕುರ್ಚಿಯನ್ನು ಅವರು ಚೌಕಟ್ಟಿಗೆ ಕೂರಿಸುವ ಗಾಜನ್ನು ಅಳೆದಂತೆ ಅಳೆದಿದ್ದರು.

ಟೇಪಕ್ಕನವರಿಗೆ ಎಲ್ಲವೂ ತಿಳಿಯಿತು. "ಈಗ ಕಳೆದೇ ಓದ್ತೀರಾ?"

"ಒಬ್ಬನೇ ಅಲ್ವಾ. ಮೇಜಿನ ಹತ್ರ ಬರೋ ಹೊತ್ತಿಗೆ ಮರೆತು ಹೋಗ್ತಿತ್ತು. ಹಾಗೇ ರೂಢಿ ಆಗೋಯ್ತು."

"ಅಂದ್ರೆ ನನ್ನ ಕೆಲಸಾನೂ ನೀವೇ ಕಲ್ತುಬಿಟ್ರಿ."

"ಕಲೀದೆ ಏನ್ಮಾಡ್ಲಿ?"

"ತಪ್ಪು ಅಂದ್ನಾ? ಒಳ್ಳೇದಾಯ್ತು. ಇನ್ನು ಗಾಡಿ ಯಾಕೆ? ಆಸ್ಪತ್ರೆಗೆ ತಾನೇ, ಎತ್ಕೊಂಡೇ ಹೋಗಿ."

 ಟೇಪಕ್ಕ ಸೊಂಟದ ಟೇಪನ್ನು ಬಿಚ್ಚಿ ಮೇಜಿನ ಮೇಲಿಟ್ಟು ಒಳಗೆ ಹೋದರು. ಗಾಜಿನವರು ವ್ಯಾನನ್ನು ಅಂಗಳಕ್ಕೆ ಹಿಂದಿರುಗಿಸಿ ಬಂದರು. ಸೊಸೆಯನ್ನು ನಗಿಸಲು ಅತ್ತೆ ಏನೇನೋ ಹೇಳಿ ನೋಡಿದರು. "ಆ ಬಾಗಿಲು ನನಗೂ ಸಾಕಾಗ್ತಿರಲಿಲ್ಲ ಕಣೇ, ನಾನೂ ಸಿಕ್ಕಿಹಾಕ್ಕೊಳ್ತಿದ್ದೆ" ಎಂದರೂ ಸೊಸೆಯ ತುಟಿ ಅರಳಲಿಲ್ಲ.

ಮನೆಯಲ್ಲಿ ಬೇಕಾದಷ್ಟಕ್ಕೆ ಮಾತ್ರ ಮಾತು ಉಳಿಯಿತು. ಆ ಬಿಗುವು ಸಡಿಲಗೊಂಡದ್ದು ಯಾರ ಸಮಾಧಾನದಿಂದಲೂ ಅಲ್ಲ. ಒಂದು ಬೆಳಿಗ್ಗೆ ಗಾಜಿನವರು ಔಷಧಿ ಅಂಗಡಿಯೊಂದರ ಮುಂಗಟ್ಟಿಗೆ ಅಳತೆ ತರಲು ಹೋದವರು ಬೇಗನೆ ಬರಿಗೈಯಲ್ಲಿ ಬಂದರು. ಗೋಡೆಯಗಲದ ಗಾಜು, ದೊಡ್ಡ ಕೆಲಸ. ಅವರು ನೇರವಾಗಿ ಒಳಗಿನ ಕೋಣೆಯ ಬಾಗಿಲಲ್ಲಿ ಬಂದು ನಿಂತರು.

"ಅಳತೆ ತಗೊಳ್ಳೋಕೆ ಆಗಲಿಲ್ಲ" ಎಂದರು.

"ಯಾಕೆ, ಅಂಗಡಿ ಮುಚ್ಚಿತ್ತಾ?"

"ತೆಗೆದಿತ್ತು. ಟೇಪು ಹಿಡಿದೆ. ಕಾಣ್ತಿರೋದು ಕಳೆದದ್ದೋ ಕಳೀದೆ ಇರೋದೋ ಗೊತ್ತಾಗಲಿಲ್ಲ. ಮತ್ತೆ ಹಿಡಿದೆ. ಆಗಲೂ ಗೊತ್ತಾಗಲಿಲ್ಲ. ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಹೋಗಿಬಿಟ್ಟಿದೆ ಕಣೇ. ನಾಳೆ ಬರ್ತೀನಿ ಅಂತ ಹೇಳಿ ಬಂದೆ."

ಟೇಪಕ್ಕ ಬಹಳ ಹೊತ್ತು ಗಂಡನ ಕೈಗಳನ್ನೇ ನೋಡಿದರು. ಗಾಜಿನ ಗೀರುಗಳು ಒಂದರ ಮೇಲೊಂದು ಮಾಗಿದ ಕೈಗಳು. ನಂತರ ಕೇಳಿದರು: "ಆ ಗಾಡಿ ಅಂಗಳ ಎಷ್ಟು ದೂರ?"

"ಸೇತುವೆ ದಾಟಿದ್ರೆ ಸಿಗ್ತದೆ. ಯಾಕೆ?"

"ಗಾಡಿ ನನ್ನ ಹತ್ರ ಬಂದಿದ್ದು ಸಾಕು. ನಾನೇ ಅದರ ಹತ್ರ ಹೋಗ್ತೀನಿ. ಟೇಪು ಕೊಡಿ."

ಮರುದಿನ ಬೆಳಿಗ್ಗೆ ಆಕೆ ಇಳಿಜಾರು ಇಳಿದು ರಸ್ತೆಗೆ ಬಂದರು. ಗಂಡ ಬಲಗಡೆ ನಡೆದರು. ಬರುವುದು ಬೇಡವೆಂದರೂ ಕೇಳದೆ ಅತ್ತೆ ಎಡಗಡೆ ಕೊಡೆ ಹಿಡಿದು ಹೊರಟರು. ಅವರ ಗಿಡ್ಡ ಎತ್ತರಕ್ಕೆ ಆ ಕೊಡೆ ಸೊಸೆಗೆ ನೆರಳು ಕೊಟ್ಟದ್ದಕ್ಕಿಂತ ಕಣ್ಣಿಗೆ ಚುಚ್ಚಿದ್ದೇ ಹೆಚ್ಚು. ಹಿಂದೆ ಮೇಷ್ಟ್ರು ಮೂರು ಗಾಲಿಯ ಗಾಡಿಯಲ್ಲಿ ಕಬ್ಬಿಣದ ಹಲಗೆಗಳನ್ನಿಟ್ಟುಕೊಂಡು, ದೀಪ ಮಿಣುಕಿಸುತ್ತ, ನಡಿಗೆಯ ವೇಗದಲ್ಲಿ ಬಂದರು. ಬಸ್ಸಿನವರು ಹಾರನ್ ಹೊಡೆದರೆ, "ಹೋಗ್ರಪ್ಪ, ಮೆರವಣಿಗೆ ಕಾಣಲ್ವಾ?" ಎಂದು ತಲೆ ಹೊರಹಾಕಿ ಕೂಗುತ್ತಿದ್ದರು.

ಸೇತುವೆಯ ಏರಿನಲ್ಲಿ ಟೇಪಕ್ಕನವರ ತೋಳು ಸೋತಿತು. ಕುರ್ಚಿ ನಿಂತಿತು. ಯಾರೂ ಸಹಾಯಕ್ಕೆ ಬರಲಿಲ್ಲ, ಬರಬಾರದೆಂಬುದು ಎಲ್ಲರಿಗೂ ಗೊತ್ತಿತ್ತು. ಗಾಜಿನವರು ಕುರ್ಚಿ ಹಿಂದಕ್ಕೆ ಜಾರದಂತೆ ಗಾಲಿಯ ಹಿಂದೆ ತಮ್ಮ ಪಾದವನ್ನು ಅಡ್ಡ ಇಟ್ಟರು, ಅಷ್ಟೆ. ಆಕೆ ಅದನ್ನು ಕಂಡರೂ ಕಾಣದವರಂತೆ ಉಸಿರು ತಿರುಗಿಸಿಕೊಂಡು ಮುಂದೆ ಹೋದರು.

ದಲ್ಲಾಳಿ ಎದ್ದು ನಿಂತರು. ಗಿರಾಕಿಗಳು ಕಾರಿನಲ್ಲಿ, ಬಸ್ಸಿನಲ್ಲಿ ಬಂದದ್ದನ್ನು ಕಂಡಿದ್ದರು, ಹೀಗೆ ಬಂದದ್ದನ್ನು ಕಂಡಿರಲಿಲ್ಲ. "ಬನ್ನಿ ಅಮ್ಮ, ಇವತ್ತೇ ಬಣ್ಣ ಹೊಡೆಸಿದ ಗಾಡಿ ಇದೆ" ಎಂದು ಶುರುಮಾಡಿದರು.

"ಬಣ್ಣ ಆಮೇಲೆ. ಬಾಗಿಲು ತೆಗೀರಿ" ಎಂದರು ಟೇಪಕ್ಕ.

ಆಕೆ ಒಂದೊಂದು ಗಾಡಿಯ ಪಕ್ಕಕ್ಕೂ ಕುರ್ಚಿ ತಂದು ನಿಲ್ಲಿಸಿದರು. ತಾವೇ ಟೇಪಿನ ಒಂದು ತುದಿ ಹಿಡಿದು, ಇನ್ನೊಂದನ್ನು ಗಂಡನ ಕೈಗೆ ಕೊಟ್ಟರು. ಬಾಗಿಲಿನ ಅಗಲ, ನೆಲದ ಎತ್ತರ, ಒಳಗಿನ ಮಾಡಿನ ಎತ್ತರ. ಪ್ರತಿ ಅಂಕಿಯನ್ನೂ ಟೇಪು ತೋರಿಸಿದ ಹಾಗೆಯೇ ಹೇಳಿದರು. ಗಂಡ ಅದನ್ನು ಬಾಯಲ್ಲಿ ಮರಳಿ ಹೇಳಬೇಕು.

"ಇಪ್ಪತ್ತೇಳು."

"ಇಪ್ಪತ್ತೇಳು."

"ಕಳೆದ್ರಾ?"

"ಇಲ್ಲ."

"ಇದು ಬೇಡ. ಕುರ್ಚಿ ಹೋಗ್ತದೆ, ನನ್ನ ಕೈ ಹೋಗಲ್ಲ."

ಗಾಜಿನವರು ಆಗ ಹೆಂಡತಿಯ ಗೆಣ್ಣಿನ ಮೇಲಿನ ಕಂದು ಗಾಯವನ್ನು ನೋಡಿದರು. ಎರಡು ನೂಲು ಕಳೆದದ್ದು ಒಂದು ತಪ್ಪು. ಗಾಲಿಯನ್ನು ತಿರುಗಿಸುವ ಕೈಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದದ್ದು ಅದಕ್ಕಿಂತ ದೊಡ್ಡದು. ಅಂದು ಕುರ್ಚಿ ನಿಜಕ್ಕೂ ಇಪ್ಪತ್ತಾರೇ ಇದ್ದಿದ್ದರೂ ಆ ಬಾಗಿಲಲ್ಲಿ ಆಕೆಯ ಬೆರಳು ತರಚುತ್ತಿತ್ತು.

"ಎರಡೂ ಕಡೆ ಒಂದೊಂದು ಇಂಚು ಕೈಗೆ ಬೇಕು" ಎಂದರು ಟೇಪಕ್ಕ. "ಇಪ್ಪತ್ತೆಂಟೂ ಕಾಲು. ಅದಕ್ಕಿಂತ ಕಮ್ಮಿ ಇರೋದನ್ನ ತೋರಿಸಲೇಬೇಡಿ."

ಬೇಲಿಯ ಮೂಲೆಯಲ್ಲಿ, ಯಾರೂ ಕೇಳದೆ ಧೂಳು ಹಿಡಿದು, ಹಿಂದೆ ಬಟ್ಟೆ ಒಗೆಯುವ ಅಂಗಡಿಯೊಂದಕ್ಕೆ ದುಡಿದ ವ್ಯಾನು ನಿಂತಿತ್ತು. ಅಂಗಡಿಯ ಹೆಸರನ್ನು ಕೆರೆದು ಹಾಕಿದ್ದರೂ ಅಕ್ಷರಗಳ ನೆರಳು ಉಳಿದಿತ್ತು. ಇಸ್ತ್ರಿ ಮಾಡಿದ ಬಟ್ಟೆಗಳನ್ನು ಮಡಿಸದೆ ತೂಗುಹಾಕಿಕೊಂಡು ಹೋಗಲೆಂದು ಅದರ ಮಾಡನ್ನು ಎತ್ತರಿಸಿ, ಪಕ್ಕದ ಬಾಗಿಲನ್ನು ಅಗಲಿಸಿದ್ದರು. ಒಳಗೆ ಇನ್ನೂ ಸೋಪಿನ ವಾಸನೆ. ಮುಂದೆ ಮೂವರು ಕೂರುವ ಉದ್ದನೆಯ ಸೀಟು.

ಮೇಷ್ಟ್ರು ಇಂಜಿನ್ ಚಾಲೂ ಮಾಡಿಸಿ ಹಿಂದೆ ಹೋಗಿ ನಿಂತರು. ನೀಲಿ ಹೊಗೆ ಅವರ ಮೊಣಕಾಲು ಮುಚ್ಚಿತು. "ಅಕ್ಕ, ಇದು ಗಾಡಿಯಲ್ಲ, ಅಡುಗೆ ಒಲೆ" ಎಂದರು. "ಇದರ ಹೊಟ್ಟೆ ಪೂರ್ತಿ ಬಿಚ್ಚಬೇಕು."

"ಬಿಚ್ಚು. ಕೈಲಾಗಲ್ವಾ?"

"ಕೈಲಾಗ್ತದೆ. ಆದ್ರೆ ನನ್ನ ಭಾನುವಾರಗಳೆಲ್ಲ ಹೋದ್ವು ಅಂತ ಲೆಕ್ಕ."

"ಇಂಜಿನ್ ಬಿಚ್ಚಬಹುದು, ಬಾಗಿಲು ಬಿಚ್ಚಿ ಅಗಲ ಮಾಡೋಕಾಗ್ತದಾ? ಟೇಪು ಹಿಡೀರಿ." ಆಕೆ ಬಗ್ಗಿ ಅಂಕಿ ನೋಡಿದರು. "ಮೂವತ್ತಮೂರು."

"ಮೂವತ್ತಮೂರು" ಎಂದರು ಗಾಜಿನವರು. ಕೇಳುವ ಮೊದಲೇ ಸೇರಿಸಿದರು: "ಕಳೆದಿಲ್ಲ."

ಹಲಗೆಗಳನ್ನು ಒರಗಿಸಿದರು. ಟೇಪಕ್ಕ ಹತ್ತಿದರು. ಅರ್ಧದಲ್ಲಿ ಒಮ್ಮೆ ನಿಂತರು, ಮತ್ತೆ ತಳ್ಳಿದರು. ಗಾಲಿ, ಬಳೆ, ಬಳೆಯ ಮೇಲಿನ ಕೈ, ಎಲ್ಲವೂ ಬಾಗಿಲಿನ ನಡುವೆ ಏನನ್ನೂ ತಾಗದೆ ಒಳಗೆ ಸರಿದವು. ವ್ಯಾನಿನ ಕತ್ತಲೆಯಲ್ಲಿ ಕುರ್ಚಿ ತಿರುಗುವ ಕಿರುಸದ್ದು ಕೇಳಿತು.  ಆಕೆ ಬಾಗಿಲಿಗೆ ಮುಖ ಮಾಡಿ ಕೇಳಿದ್ದು ಒಂದೇ ಮಾತು: "ಗ್ಲಾಸು ಯಾವ ಕಡೆ ನಿಲ್ಲಿಸ್ತೀರಿ?"

ಬೆಲೆಯ ಮಾತನ್ನು ಅತ್ತೆ ಮುಗಿಸಿದರು. ದಲ್ಲಾಳಿ ಸೋತದ್ದು ಅವರ ಜಾಣತನಕ್ಕೋ ಕೊಡೆಗೋ ಎಂಬ ಬಗ್ಗೆ ಮನೆಯಲ್ಲಿ ಇಂದಿಗೂ ಒಮ್ಮತವಿಲ್ಲ.

ಇಂಜಿನ್ನನ್ನು ಮೇಷ್ಟ್ರು ತಮ್ಮ ಷೆಡ್ಡಿನಲ್ಲಿ ಬಿಚ್ಚಿ ಕಟ್ಟಿದರು. ಒಳಗೆ ಗಾಜು ನಿಲ್ಲಿಸುವ ಮರದ ಚೌಕಟ್ಟನ್ನು ಗಾಜಿನವರು ತಾವೇ ಮಾಡಿದರು; ಅದರ ಅಂಚುಗಳಿಗೆಲ್ಲ ದಪ್ಪ ಬಟ್ಟೆ ಹೊದಿಸಿ ಮೊಳೆ ಹೊಡೆದರು. ಆ ಚೌಕಟ್ಟಿಗೂ ವ್ಯಾನಿನ ಪಕ್ಕಕ್ಕೂ ನಡುವೆ ಉಳಿಯುವ ಓಣಿ ಕುರ್ಚಿಯದು. ಇಪ್ಪತ್ತೆಂಟೂ ಕಾಲು ಎಂದು ಟೇಪಕ್ಕ ಮತ್ತೊಮ್ಮೆ ಹೇಳಿದ್ದರು. ಗಂಡ ಅದನ್ನು ಮರಳಿ ಹೇಳಿದ್ದರು.

ಔಷಧಿ ಅಂಗಡಿಯವರು ಕೆಲಸವನ್ನು ಬೇರೆಯವರಿಗೆ ಕೊಡದೆ ಇಷ್ಟು ದಿನವೂ ಕಾದಿದ್ದರು. ಅಳತೆ ತರಲು ಅಲ್ಲಿಗೆ ಹೊರಡುವ ಬೆಳಿಗ್ಗೆ ಟೇಪಕ್ಕ ವ್ಯಾನು ಹತ್ತಿ, ಅಭ್ಯಾಸಬಲದಿಂದ ಓಣಿಗೆ ಟೇಪು ಹಿಡಿದರು. ಅಂಕಿ ನೋಡಿದರು. ಟೇಪನ್ನು ಸುತ್ತಿ ಮತ್ತೆ ಎಳೆದು ಇನ್ನೊಮ್ಮೆ ನೋಡಿದರು.

"ರೀ, ಬನ್ನಿ ಇಲ್ಲಿ. ನಾನು ಹೇಳಿದ್ದೆಷ್ಟು?"

"ಇಪ್ಪತ್ತೆಂಟೂ ಕಾಲು."

"ಇದು ಮೂವತ್ತೆರಡೂ ಕಾಲು ಇದೆ."

"ಹೌದು."

"ನಾಲ್ಕು ಇಂಚು ಜಾಸ್ತಿ. ಗ್ಲಾಸಿಗೆ ಜಾಗ ಕಮ್ಮಿ ಆಯ್ತಲ್ರೀ. ಅಷ್ಟೂ ಹಾಳೆ ಒಂದೇ ಸಲ ಹೋಗಲ್ಲ."

"ಎರಡು ಸಲ ಹೋಗೋಣ."

ಆಕೆ ಟೇಪು ಹಿಡಿದ ತಮ್ಮ ಕೈಗಳನ್ನು ನೋಡಿಕೊಂಡರು. ಆಸ್ಪತ್ರೆಯ ಮೊಗಸಾಲೆಯಲ್ಲಿ, ಕೈಯ ಬಲ ಹೋದವರು ಗುಂಡಿ ಒತ್ತಿ ನಡೆಸುವ ಮೋಟಾರು ಕುರ್ಚಿಗಳನ್ನು ಇಬ್ಬರೂ ನೋಡಿದ್ದರು. ಅವು ಮಾಮೂಲಿ ಕುರ್ಚಿಗಿಂತ ಅಗಲ. ಆ ದಿನ ಬಂದಾಗಲೂ ಈ ಓಣಿ ಸಾಲಬೇಕು, ಅದೇ ಬಾಗಿಲಿನಿಂದ ಆಕೆ ತಾವೇ ಹತ್ತಬೇಕು ಎಂದು ಗಾಜಿನವರು ಲೆಕ್ಕ ಹಾಕಿದ್ದರು. ಒಂದು ಜೀವಮಾನವೆಲ್ಲ ಕಳೆಯುತ್ತ ಬಂದವರು ಈ ಒಂದು ಕಡೆ ಕೂಡಿದ್ದರು. ಆ ವಿಷಯವನ್ನು ಅವರು ಹೆಂಡತಿಗೆ ಬಾಯಿಬಿಟ್ಟು ಹೇಳಲಿಲ್ಲ. ಆಕೆ ಕೇಳಲೂ ಇಲ್ಲ. ಟೇಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಹೊರಡಿ, ಅಂಗಡಿಯವರು ಕಾಯ್ತಿರ್ತಾರೆ" ಎಂದರು.

ಈ ಮಾತುಗಳನ್ನು ಬರೆದುಕೊಂಡ ಹೊತ್ತಿಗೆ ಟೇಪಕ್ಕನವರ ಎಡಗೈಯ ಹಿಡಿತ ಸಡಿಲವಾಗಿದೆ. ಟೇಪಿನ ಆಚೆ ತುದಿಯನ್ನು ರಜೆಯ ದಿನಗಳಲ್ಲಿ ಮಗಳು ಹಿಡಿಯುತ್ತಾಳೆ, ಉಳಿದ ದಿನ ಗಂಡ. ಅಂಕಿ ಹೇಳುವವರು ಮಾತ್ರ ಆಕೆಯೇ. ಹಳೆಯ ಕುರ್ಚಿಯಲ್ಲಿಯೇ, ಹಲಗೆಗಳ ಮೇಲೆ ಮೊದಲಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡು, ಆಕೆ ಈಗಲೂ ತಾವೇ ಹತ್ತುತ್ತಾರೆ. ಹೊಸ ಕುರ್ಚಿ ಇನ್ನೂ ಬಂದಿಲ್ಲ. ಓಣಿಯಲ್ಲಿ ಮಿಕ್ಕಿರುವ ಆ ನಾಲ್ಕು ಇಂಚಿನಲ್ಲಿ ಸದ್ಯಕ್ಕೆ ಅತ್ತೆಯ ಕೊಡೆ ನಿಲ್ಲುತ್ತದೆ.